ಅಂಚು ನೋಡಿ ಪುಸ್ತಕ ಕೊಳ್ಳುತ್ತಿದ್ದವರು

ಓದಿ ಮರಳಿದ ಪುಸ್ತಕವನ್ನು ಅವರು ಕೂಡಲೇ ತೆರೆಯುತ್ತಿರಲಿಲ್ಲ. ಮುಚ್ಚಿದ ಪುಸ್ತಕವನ್ನು ಎಡಗೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಹಾಳೆಗಳ ಅಂಚನ್ನು ನೋಡುತ್ತಿದ್ದರು. ಬೆರಳು ತಾಗಿದ ಹಾಳೆಗಳ ಅಂಚು ಕಂದಾಗಿರುತ್ತದೆ. ತಾಗದವು ಬೆಳ್ಳಗೆ ಹಾಗೇ ಉಳಿದಿರುತ್ತವೆ. ಕಂದು ನಿಂತಲ್ಲಿ ಉಗುರಿಟ್ಟು, ಆಮೇಲೆ ತೆರೆದು, ಪುಟದ ಸಂಖ್ಯೆ ನೋಡಿ, "ನಲವತ್ತೊಂದಕ್ಕ ಕೈ ಬಿಟ್ಟಾರ್ರಿ" ಎಂದು ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಿದ್ದರು. ಬರುವ ವರ್ಷಕ್ಕೆ ಯಾವ ಪುಸ್ತಕ ಕೊಳ್ಳಬೇಕು, ಯಾವುದು ಬೇಡ ಎಂಬುದು ಶಿರಸಿಯ ನಮ್ಮ ವಾಚನಾಲಯದಲ್ಲಿ ಎಷ್ಟೋ ವರ್ಷ ಹೀಗೆಯೇ ತೀರ್ಮಾನವಾಗುತ್ತಿತ್ತು.

ಹೋದ ವಾರ ಅವರ ಅಣ್ಣನ ಮಗ ಬನವಾಸಿಯಿಂದ ಬಂದಿದ್ದರು. ತಲೆಗೂದಲು ನೆರೆತ ಗೃಹಸ್ಥರು, ಚಿಕ್ಕಪ್ಪನ ಹಾಗೆಯೇ ಚಪ್ಪಲಿ ಬಿಡಲು ಮೂಲೆ ಹುಡುಕುವವರು. ಚಿಕ್ಕಪ್ಪ ತೀರಿಕೊಂಡು ಹದಿನೈದು ದಿನವಾಯಿತೆಂದು ಹೇಳಿ, ಕಾಗದ ಸುತ್ತಿ ದಾರ ಕಟ್ಟಿದ ಒಂದು ಪೊಟ್ಟಣ ಕೊಟ್ಟರು. ಅಕ್ಕೋರಿಗೇ, ಎಂದರೆ ಮಾಸ್ತರಿಣಿಯಾಗಿದ್ದ ನನಗೇ, ಮುಟ್ಟಬೇಕೆಂದು ಎರಡು ಸಲ ಹೇಳಿದ್ದರಂತೆ. ಕೈಗೆ ತೆಗೆದುಕೊಂಡ ಕೂಡಲೇ ಒಳಗೆ ಯಾವ ಪುಸ್ತಕವಿದೆಯೆಂದು ನನಗೆ ಗೊತ್ತಾಯಿತು. ಅದಕ್ಕೇ ಬಿಚ್ಚಲಿಲ್ಲ. ಅದು ಮೇಜಿನ ಮೇಲೆ ಕೂತಿದೆ, ನಾನು ಬರೆಯುತ್ತಿದ್ದೇನೆ. ಬರೆದು ಮುಗಿದ ಮೇಲೆ ಬಿಚ್ಚುವುದೆಂದು ನನಗೆ ನಾನೇ ಮಾಡಿಕೊಂಡ ಕರಾರು.

ರಾಜ್ಯ ಒಂದಾದ ಹೊಸತರಲ್ಲಿ ನಾನು ಶಿರಸಿಯ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಿ ಬಂದೆ. ವಾಚನಾಲಯದ ಕಪಾಟುಗಳಲ್ಲಿ ಆಗಿನ್ನೂ ಅರ್ಧಕ್ಕರ್ಧ ಮರಾಠಿ ಪುಸ್ತಕ; ಮುಂಬಯಿ ಕಾಲದ ಅಚ್ಚಿನ ಫಾರ್ಮುಗಳಲ್ಲೇ ಕನ್ನಡದಲ್ಲಿ ತುಂಬುವುದು. ಇನ್ನು ಮೇಲೆ ಕನ್ನಡ ಪುಸ್ತಕ ಹೆಚ್ಚು ಕೊಳ್ಳಬೇಕೆಂದು ಇದ್ದ ಆಯ್ಕೆ ಸಮಿತಿಯನ್ನೇ ಹಿಗ್ಗಿಸಿದರು. ಹೆಂಗಸೊಬ್ಬಳಿದ್ದರೆ ಚೆಂದ ಎಂದು ಯಾರಿಗೋ ಅನಿಸಿ ನನ್ನನ್ನು ಸೇರಿಸಿದರು. ಒಗ್ಗರಣೆಯ ಕರಿಬೇವಿನ ಹಾಗೆ: ಘಮಕ್ಕೆ ಬೇಕು, ಉಣ್ಣುವಾಗ ಬಾಳೆಲೆಯ ಬದಿಗೆ. ನಾನು ಬದಿಗೆ ಸರಿಯುವ ಜಾತಿಯಲ್ಲ ಎಂಬುದು ಅವರಿಗೆ ಎರಡನೆಯ ಸಭೆಯಲ್ಲಿ ತಿಳಿಯಿತು.

ಸಮಿತಿಯಲ್ಲಿ ನಾವು ಐದು ಜನ. ಅಧ್ಯಕ್ಷರು ವಕೀಲರು. ಅವರಿಗೆ ದಪ್ಪ ಪುಸ್ತಕಗಳ ಮೇಲೆ ಅಪಾರ ಗೌರವ. ಸಂಪುಟ ಹೆಚ್ಚಿದ್ದಷ್ಟೂ ಗೌರವ ಹೆಚ್ಚು. ಉಳಿದವರಿಗೆ ಅಧ್ಯಕ್ಷರ ಮೇಲೆ ಗೌರವ. ನಾನು ಬರೆಯುತ್ತಿರುವ ಇವರು ಸಮಿತಿಯ ಸದಸ್ಯರಲ್ಲ, ವಾಚನಾಲಯ ನೋಡಿಕೊಳ್ಳುವ ನೌಕರರು. ಅವರಿಗೆ ಮತವಿಲ್ಲ, ಕುರ್ಚಿಯೂ ಇಲ್ಲ. ಬಾಗಿಲ ಪಕ್ಕದ ಬಾಕಿನ ಮೇಲೆ ಹಳೆಯ ಪುಸ್ತಕಗಳ ರಾಶಿ ಇಟ್ಟುಕೊಂಡು ಕೂರುವರು. ಯಾವುದೋ ಲೇಖಕರ ಹೊಸ ಪುಸ್ತಕದ ಹೆಸರು ಬಂತೆನ್ನಿ. ಅದೇ ಲೇಖಕರ ಹಳೆಯ ಪುಸ್ತಕವನ್ನು ರಾಶಿಯಿಂದ ಎತ್ತಿ, ಅಂಚನ್ನು ನಮ್ಮ ಕಡೆ ತಿರುಗಿಸಿ ಸುಮ್ಮನೆ ಹಿಡಿಯುವರು. ಅಷ್ಟೇ ಅವರ ವಾದ. ಬೆಳ್ಳಗಿದ್ದರೆ ವಕೀಲರು ಕೆಮ್ಮಿ ಮುಂದಿನ ಹೆಸರಿಗೆ ಹೋಗುವರು. ನಾನು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಮತವಿಲ್ಲದವರ ಮಾತೇ ನಡೆಯುತ್ತಿತ್ತು.

ರಿಜಿಸ್ಟರು ನೋಡಿದರಾಗದೇ, ಅಂಚೇ ಯಾಕೆ ಎಂದು ನಾನು ಮೊದಲ ವರ್ಷವೇ ಕೇಳಿದ್ದೆ. ಅವರು ಒಂದು ಪುಸ್ತಕ ತಂದುಕೊಟ್ಟರು. ವಕೀಲರ ಆಸೆಗೆ ಕೊಂಡ ಧರ್ಮವಿಚಾರದ ಮಾಲೆಯ ಮೊದಲ ಸಂಪುಟ. ರಿಜಿಸ್ಟರಿನಲ್ಲಿ ಹನ್ನೊಂದು ಜನ ಒಯ್ದು ಓದಿ ಮರಳಿಸಿದ ದಾಖಲೆ ಇತ್ತು, ಹನ್ನೊಂದೂ ದೊಡ್ಡ ಮನೆತನದ ಹೆಸರುಗಳೇ. ತೆರೆಯಲು ಹೋದರೆ ಹದಿನೇಳನೆಯ ಪುಟದಿಂದ ಮುಂದೆ ಹಾಳೆಗಳ ಮಡಿಕೆಯನ್ನೇ ಸೀಳಿರಲಿಲ್ಲ. ಅಚ್ಚಿನ ಮನೆಯಿಂದ ಬಂದ ಹಾಗೆಯೇ ಒಂದಕ್ಕೊಂದು ಕೂಡಿಕೊಂಡಿದ್ದವು. "ಹನ್ನೊಂದ ಮಂದಿ, ಹಾಳಿ ಹರೀದನ ಓದ್ಯಾರ್ರಿ ಅಕ್ಕೋರ. ದೊಡ್ಡವರಿಗೆ ಏನೂ ಕಷ್ಟಿಲ್ಲ" ಎಂದರು. ನಗಲಿಲ್ಲ. ನಾನು ಮಾತ್ರ ಶಾಲೆ ಮುಟ್ಟುವವರೆಗೂ ನಕ್ಕೆ.

ಊರೊಳಗಿನ ಓದುಗರಿಗಿಂತ ಅವರಿಗೆ ಮುಖ್ಯವಾದವು ಪೆಟ್ಟಿಗೆಗಳು. ಕರಿ ಬಣ್ಣ ಬಳಿದ ಮೂರು ತಗಡಿನ ಪೆಟ್ಟಿಗೆ. ಒಂದು ಸಿದ್ದಾಪುರದ ಕಡೆ, ಒಂದು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ, ಇನ್ನೊಂದು ಅವರ ಊರು ಬನವಾಸಿಗೆ. ಬಸ್ಸಿನ ನೆತ್ತಿಯ ಮೇಲೆ ಹೋಗಿ, ಹಳ್ಳಿಯ ಶಾಲೆಯಲ್ಲೋ ಸೊಸಾಯಿಟಿಯ ಕಟ್ಟೆಯಲ್ಲೋ ಮೂರು ತಿಂಗಳಿದ್ದು ಮರಳುತ್ತಿದ್ದವು. ಜೊತೆಗೊಂದು ಬೇಡಿಕೆ ವಹಿ. ಓದುಗರಿಗೆ ಏನು ಬೇಕೋ ಅದರಲ್ಲಿ ಬರೆಯಬೇಕು. ಪೆಟ್ಟಿಗೆ ಬಂದ ದಿನ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಂದೊಂದನ್ನೇ ತೆಗೆದು ನೋಡಿ, ಕೆಲವನ್ನು ಮೂಸಿಯೂ ನೋಡಿ, ಪಟ್ಟಿಯಲ್ಲಿ ಗುರುತು ಮಾಡುವರು. ಇದು ಕವಳದ ಕೆಂಪು, ಎಲೆಯಡಿಕೆ ಮೆಲ್ಲುತ್ತ ಜಗಲಿಯಲ್ಲಿ ಓದಿದ್ದು. ಇದು ಚಿಮಣಿಯ ಮಸಿ. ಇದು ಜೋನಿಬೆಲ್ಲ, ದೋಸೆಯ ಹೊತ್ತಿಗೂ ಬಿಟ್ಟಿಲ್ಲ. ಸಿದ್ದಾಪುರದ ಪೆಟ್ಟಿಗೆಯಲ್ಲಿ ಬಂದ ಜೇನು ಸಾಕಣೆಯ ಪುಸ್ತಕದ ಮೇಲೆ ಮೇಣದ ಹನಿ ಬಿದ್ದಿದ್ದನ್ನು ಅವರು ಒಂದು ವಾರ ಬಂದವರಿಗೆಲ್ಲ ತೋರಿಸಿದ್ದರು. ಓದಿ ಬಿಟ್ಟದ್ದಲ್ಲ, ಮಾಡಿ ನೋಡಿದ್ದಾರೆ ಎಂಬ ಸಂಭ್ರಮ. ಮರುವರ್ಷ ಆ ವಿಷಯದ್ದು ಇನ್ನೂ ಎರಡು ತರಿಸಿದರು.

ಪತ್ತೇದಾರಿ ಕಾದಂಬರಿಗಳ ಬಗ್ಗೆ ಸಮಿತಿಗೆ ಮಡಿವಂತಿಕೆಯಿತ್ತು. ಅಂಥದೊಂದು ಪುಸ್ತಕ ಕೊನೆಯ ಎಲೆ ಹರಿದು ಹೋಗಿ ಬಂದಿತ್ತು. ಕೊಲೆ ಮಾಡಿದವರು ಯಾರೆಂದು ತಿಳಿಯದೆ ಮಂಚಿಕೇರಿಯವರು ಮೂರು ತಿಂಗಳು ಜಗಳಾಡಿದ್ದಾರೆ, ಇನ್ನೊಂದು ಪ್ರತಿ ಕೊಳ್ಳದಿದ್ದರೆ ನಿಜವಾಗಿ ಕೊಲೆಯಾದೀತು ಎಂದು ಅವರು ವಕೀಲರಿಗೆ ಮನವಿ ಮಾಡಿ ಮಂಜೂರು ಮಾಡಿಸಿಕೊಂಡರು. ಹಾಸ್ಯವನ್ನು ಅವರು ಸದಾ ಸಪ್ಪೆ ಮುಖದಲ್ಲೇ ಮಾಡುವುದು. ಮದುವೆ ಯಾಕಾಗಲಿಲ್ಲವೆಂದು ಕೇಳಿದವರಿಗೆ, "ಬೇಡಿಕಿ ವಹಿಯಾಗ ನನ್ನ ಹೆಸರ ಯಾರೂ ಬರೀಲಿಲ್ರಿ" ಎಂದಿದ್ದರಂತೆ.

ಸಣ್ಣ ಆಳು. ಕೊರಳವರೆಗೆ ಗುಂಡಿ ಹಾಕಿದ ಕೋಟು, ಧೋತರ, ಬೇಸಗೆಯಲ್ಲೂ ಕೊಡೆ. ಒಂದೇ ಚಟ, ನಶ್ಯ. ಅದಕ್ಕೂ ಒಂದು ಕಾಯಿದೆ ಮಾಡಿಕೊಂಡಿದ್ದರು: ಬಲಗೈ ನಶ್ಯಕ್ಕೆ, ಎಡಗೈ ಪುಸ್ತಕಕ್ಕೆ. ಬರೆಯಬೇಕಾದರೆ ಹಿತ್ತಲಿಗೆ ಹೋಗಿ ಬಲಗೈ ತೊಳೆದು ಬರುವರು. ಬೇರೆಯವರ ಕೈಯ ಕಲೆ ಕಂಡರೆ ಹಿಗ್ಗುವ ಮನುಷ್ಯ ತನ್ನ ಕಲೆ ಬೀಳದಂತೆ ಅಷ್ಟು ಕಾಯುವುದೇಕೆಂದು ನಾನು ಕೆಣಕಿದ್ದೆ. ತಾನು ಮುಟ್ಟಿದ್ದೂ ಲೆಕ್ಕಕ್ಕೆ ಬಂದರೆ ಓದುಗರ ಗುರುತು ಕೆಡುತ್ತದೆ ಎಂದರು. ನಿಜ, ವಾಚನಾಲಯದ ಸಾವಿರಾರು ಪುಸ್ತಕಗಳಲ್ಲಿ ಒಂದರ ಮೇಲೂ ನಶ್ಯದ ಬೆರಳು ನಾನು ಕಂಡಿಲ್ಲ.

ಇನ್ನು ಆ ಪುಸ್ತಕದ ಮಾತು.

ಎರಡನೆಯ ವರ್ಷದ ಪಟ್ಟಿಗೆ ನಾನೊಂದು ಪುಸ್ತಕ ಸೂಚಿಸಿದೆ. ಬಸುರಿ ಬಾಣಂತಿಯರ ಆರೈಕೆಯ ಬಗ್ಗೆ ಡಾಕ್ಟರಿಣಿಯೊಬ್ಬರು ಸರಳವಾಗಿ ಬರೆದದ್ದು, ನಡುನಡುವೆ ಚಿತ್ರಗಳು. ನಾನು ಧಾರವಾಡದಲ್ಲಿ ತರಬೇತಿಗೆ ಇದ್ದಾಗ ಓದಿದ್ದೆ. ಸಮಿತಿಯ ಗಂಡಸರು ಚಿತ್ರದ ಪುಟ ಬಂದಲ್ಲೆಲ್ಲ ಮಾಡಿನ ಕಡೆ ನೋಡಿದರು. ವಾಚನಾಲಯದ ಬಾಕುಗಳಲ್ಲಿ ಪತ್ರಿಕೆ ಓದುವವರೆಲ್ಲ ಗಂಡಸರೇ, ಹೆಂಗಸರು ಒಳಗೆ ಕಾಲಿಡುವ ರೂಢಿಯಿಲ್ಲ; ಹಾಗಾಗಿ ಇದನ್ನು ಓದುವವರಾದರೂ ಯಾರು ಎಂದು ವಕೀಲರು ಕೇಳಿದರು. ಪೆಟ್ಟಿಗೆಯಲ್ಲಿ ಹಳ್ಳಿಗೆ ಕಳಿಸಿ ನೋಡಿ ಎಂದು ನಾನು ಹಟ ಹಿಡಿದೆ. ಬಾಕಿನಿಂದ ಇವರು ನನ್ನ ಪರ ನಿಂತರು. ಒಂದು ಪ್ರತಿ ತರಿಸೋಣ, ಮಂಚಿಕೇರಿಗೆ ಹೋಗಿಬರಲಿ, ಆಮೇಲೆ ಪುಸ್ತಕವೇ ಹೇಳುತ್ತದೆ ಎಂದರು.

ಮೂರು ತಿಂಗಳಿಗೆ ಅದು ಮರಳಿತು. ಶಾಲೆ ಬಿಟ್ಟು ಹೋದಾಗ ಅವರು ಅದನ್ನು ಬೇರೆಯಾಗಿ ಎತ್ತಿಟ್ಟಿದ್ದರು. ಕಿಟಕಿಯ ಹತ್ತಿರ ಕರೆದು ಅಂಚು ತೋರಿಸಿದರು. ಮೂರು ಕಡೆಯೂ ಬೆಳ್ಳಗೆ, ಕೊಂಡ ದಿನದ ಹಾಗೆ. ರಿಜಿಸ್ಟರಿನಲ್ಲಿ ಒಂದೇ ಒಂದು ಹೆಸರು, ಅಲ್ಲಿನ ಹೆಡ್‌ಮಾಸ್ತರರದು. "ಯಾರೂ ಮುಟ್ಟಿಲ್ರಿ ಅಕ್ಕೋರ" ಎಂದರು. ನನಗಿಂತ ಅವರಿಗೇ ಹೆಚ್ಚು ಬೇಸರವಾದಂತಿತ್ತು. ನನಗೆ ಬಂದದ್ದು ಸಿಟ್ಟು. ನಮ್ಮ ಹೆಂಗಸರ ಹಣೆಬರಹವೇ ಇಷ್ಟು, ಕೈಗೆ ಕೊಟ್ಟರೂ ಓದುವುದಿಲ್ಲ ಎಂದು ಅಲ್ಲಿಯೇ ಭಾಷಣ ಮಾಡಿದೆ. ಮುಂದಿನ ಸಭೆಯಲ್ಲಿ ಉಳಿದೆರಡು ಪೆಟ್ಟಿಗೆಗೂ ಇದನ್ನು ಕೊಳ್ಳಬೇಕೇ ಎಂಬ ಸಾಲು ಬಂದಾಗ ಕೆಂಪು ಪೆನ್ಸಿಲು ನನ್ನ ಕೈಯಲ್ಲಿತ್ತು. ಗೀಟು ಎಳೆದವಳು ನಾನೇ. ಪರೀಕ್ಷೆಗೆಂದು ತರಿಸಿ ಮೊಹರು ಒತ್ತದೇ ಇದ್ದ ಆ ಒಂದು ಪ್ರತಿಯೂ ಹೊಸದರಂತೆಯೇ ಇದ್ದುದರಿಂದ ಹುಬ್ಬಳ್ಳಿಯ ಅಂಗಡಿಯವರ ಮನುಷ್ಯ ಅದನ್ನು ವಾಪಸು ಪಡೆದು ಬದಲಿಗೆ ಒಂದು ಕಾದಂಬರಿ ಕೊಟ್ಟುಹೋದ.

ಅದಾದ ಕೆಲವು ತಿಂಗಳಿಗೆ, ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆಯ ಗೇಟಿನ ಹತ್ತಿರ ಒಬ್ಬ ಹೆಂಗಸು ನನ್ನನ್ನು ಕೇಳಿಕೊಂಡು ಬಂದಳು. ಮಂಚಿಕೇರಿಯವಳು, ಹೆಸರು ಗಂಗಕ್ಕ. ಗಂಡನ ಜೊತೆ ಶಿರಸಿಗೆ ಬಂದವಳು, ಅವನು ಪೇಟೆಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ ತಪ್ಪಿಸಿಕೊಂಡು ಬಂದಿದ್ದಳು. ವಾಚನಾಲಯಕ್ಕೆ ಹೋಗುವ ಧೈರ್ಯವಾಗದೆ, ಪುಸ್ತಕ ಕೊಳ್ಳುವವರಲ್ಲಿ ಒಬ್ಬ ಅಕ್ಕೋರೂ ಇದ್ದಾರೆಂದು ಕೇಳಿ ನನ್ನನ್ನು ಹುಡುಕಿದ್ದಳು. ಕೂರಿಸಿ ನೀರು ಕೊಟ್ಟೆ. ಕುಡಿಯುವ ಮೊದಲೇ ಕೇಳಿದಳು.

"ಆ ಬಾಳಂತಿ ಪುಸ್ತಕ ಈಗ ಎಲ್ಲಿದ್ದು ಅಕ್ಕೋರೆ?"

ಯಾರೂ ಓದದ ಪುಸ್ತಕ, ಮರಳಿ ಕೊಟ್ಟೆವು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಓದಿದ್ವಿಲ್ಲೆ ಹೇಳಿ ಯಾರು ಹೇಳಿದ್ದು? ಏಳೆಂಟು ಮನೆ ತಿರುಗಿದ್ದು ಅದು. ಕೈ ತೊಳಕಂಡು, ಹಳೇ ಸೀರೆ ತುಂಡಲ್ಲಿ ಹಿಡ್ಕಂಡು ಓದಿದ್ಯ. ಕಲೆ ಬಿದ್ರೆ ಗಂಡಸ್ರಿಗೆ ಗೊತ್ತಾಗ್ತು ಅಲ್ದಾ."

ಉಳಿದದ್ದನ್ನು ಒಂದೊಂದಾಗಿ ಹೇಳಿದಳು. ಹೆಡ್‌ಮಾಸ್ತರರ ಹೆಂಡತಿ ಗಂಡನ ಹೆಸರಿನಲ್ಲಿ ಬರೆಸಿಕೊಂಡು ಪುಸ್ತಕವನ್ನು ಹೂವಿನ ಬುಟ್ಟಿಯಲ್ಲಿಟ್ಟು ಮನೆಯಿಂದ ಮನೆಗೆ ದಾಟಿಸಿದ್ದಳು. ಓದಲು ಬರುವವಳು ಬಾರದವರಿಗೆ ಓದಿ ಹೇಳುವುದು. ಆ ಚಿತ್ರಗಳು ಮಾವನ ಕಣ್ಣಿಗೋ ಮೈದುನನ ಕಣ್ಣಿಗೋ ಬಿದ್ದರೆ ಮುಗಿಯಿತು. ಮತ್ತೆ, ಒಳ್ಳೆಯ ಮಾತಿರುವ ಪುಸ್ತಕವನ್ನು ಎಂಜಲು ಕೈಯಲ್ಲಿ ಮುಟ್ಟುವುದು ಹೇಗೆ? ಒಟ್ಟಿನಲ್ಲಿ ಅದು ಬಂದಷ್ಟೇ ಬೆಳ್ಳಗೆ ಮರಳಬೇಕೆಂದು ಅವರೆಲ್ಲ ಸೇರಿ ಜತನ ಮಾಡಿದ್ದರು.

ಅವಳು ಬಂದದ್ದು ತಂಗಿಯ ಸಲುವಾಗಿ. ತಂಗಿಯನ್ನು ಇಡಗುಂದಿಗೆ ಕೊಟ್ಟಿತ್ತು, ಚೊಚ್ಚಲು, ತಿಂಗಳು ತುಂಬುತ್ತ ಬಂದಿತ್ತು. ಕಾಲು ಮುಖ ಬಾತು, ತಲೆನೋವೆಂದು ಮಲಗುತ್ತಾಳೆ. ಹೀಗಾದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಎಂದು ಪುಸ್ತಕದಲ್ಲಿ ಓದಿದ್ದು ಗಂಗಕ್ಕನಿಗೆ ನೆನಪಿತ್ತು. ಇಡಗುಂದಿಯ ಮನೆಯಲ್ಲಿ ಹೇಳಿದರೆ, ಬಸುರಿಯ ಕಾಲು ಬಾಯದೆ ಇನ್ನೇನು ಎಂದು ಅತ್ತೆ ನಕ್ಕಿದ್ದರು. "ಆನು ಹೇಳಿರೆ ಯಾರೂ ಕೇಳ್ತ್ವಿಲ್ಲೆ. ಭಾವ ಓದಿದವ. ಅಚ್ಚಾದ್ದು ಕಣ್ಣಿಗೆ ಕಂಡ್ರೆ ಕೇಳ್ತ" ಎಂದಳು. ತಂಗಿಯ ಗಂಡನಿಗೆ ಆ ಪುಟ ತೋರಿಸಬೇಕು, ಅಷ್ಟೇ ಅವಳ ಬೇಡಿಕೆ. ಬೇಡಿಕೆ ವಹಿಯಲ್ಲಿ ಬರೆಯಲಾಗದ ಬೇಡಿಕೆ.

ಶಾಲೆ ಬಿಟ್ಟೊಡನೆ ವಾಚನಾಲಯಕ್ಕೆ ಓಡಿದೆ. ನಾನು ಹೇಳುತ್ತಿರುವಾಗ ಅವರು ನಶ್ಯದ ಡಬ್ಬಿಯ ಮುಚ್ಚಳ ತೆಗೆದವರು ಹಾಗೇ ಹಿಡಿದುಕೊಂಡಿದ್ದರು. ಏಳೆಂಟು ಮನೆಯೇ ಎಂದು ಕೇಳಿದರು. ಬಟ್ಟೆ ಸುತ್ತಿಯೇ ಎಂದು ಕೇಳಿದರು. ಆಮೇಲೆ ಡಬ್ಬಿಗೆ ಮುಚ್ಚಳ ಹಾಕಿ, ತಗ್ಗಿದ ದನಿಯಲ್ಲಿ ಇನ್ನೊಂದು ಕೇಳಿದರು.

"ನಾ ಬನವಾಸಿ ಕಡಿಯಾಂವ, ಈ ಮನಿಗಳ ರೀತಿ ತಿಳೀಲಿಲ್ಲ. ನಿಮಗೂ ಗೊತ್ತಿರಲಿಲ್ಲೇನ್ರಿ ಅಕ್ಕೋರ?"

ಆಕ್ಷೇಪಣೆಯಲ್ಲ, ತಿಳಿಯಲೆಂದೇ ಕೇಳಿದ್ದು. ಅದಕ್ಕೇ ಇವತ್ತಿಗೂ ಚುಚ್ಚುತ್ತದೆ. ಸಿದ್ದಾಪುರದ ಕಡೆಯ ಮನ್ಮನೆ ಎಂಬ ಹಳ್ಳಿಯಲ್ಲಿ, ಗಂಗಕ್ಕನಂಥವರ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ನನ್ನ ಅಮ್ಮ ಕೈ ತೊಳೆಯದೆ, ಸೆರಗಿನ ತುದಿಯಲ್ಲಿ ಹಿಡಿಯದೆ ಯಾವ ಪುಸ್ತಕವನ್ನೂ ಓದಿದ್ದು ಕಂಡಿಲ್ಲ. ಅವಳು ಮೂವತ್ತು ವರ್ಷ ಓದಿದ ಪುರಾಣದ ಪುಸ್ತಕ ಇಂದಿಗೂ ಹೊಸದರ ಹಾಗಿದೆ. ಆ ಬೆಳ್ಳನೆಯ ಅಂಚನ್ನು ಕಿಟಕಿಯ ಬೆಳಕಿನಲ್ಲಿ ನೋಡುವಾಗ ನನ್ನ ಅಮ್ಮ ನೆನಪಾಗಬೇಕಿತ್ತು. ಆಗಲಿಲ್ಲ. ನಾಲ್ಕಕ್ಷರ ಹೆಚ್ಚು ಕಲಿತು ಬಂದ ಸೊಕ್ಕಿಗೆ ಅಮ್ಮ ಎಲ್ಲಿ ನೆನಪಾಗುತ್ತಾಳೆ?

ಆವತ್ತೇ ಹುಬ್ಬಳ್ಳಿಗೆ ಬರೆದರು. ಅಂಗಡಿಯಲ್ಲಿ ಆ ಪುಸ್ತಕ ಮುಗಿದಿತ್ತು. ಅಚ್ಚು ಮಾಡಿದವರಿಗೆ ಬರೆದು ತರಿಸುತ್ತೇವೆಂದು ಉತ್ತರ ಬಂತು. ನಾವು ಕಾದೆವು. ಅವರು ದಿನಾ ಬೆಳಿಗ್ಗೆ ಪೋಸ್ಟಿಗೆ ಹೋಗಿ ಕಟ್ಟೆಯ ಮೇಲೆ ಕೂರುವರು, ನಾನು ಸಂಜೆ ಹೋಗಿ ಕೇಳುವೆನು. ಹತ್ತೊಂಬತ್ತು ದಿನ. ಯಲ್ಲಾಪುರಕ್ಕೆ ದಿನವೂ ಬಸ್ಸಿತ್ತು. ಅಲ್ಲಿ ಸರಕಾರಿ ದವಾಖಾನೆಯಿತ್ತು, ಡಾಕ್ಟರಿದ್ದರು. ನಮ್ಮಲ್ಲೊಬ್ಬರು ಹೋಗಿ ಡಾಕ್ಟರನ್ನು ಕಂಡು, ಅವರ ಕೈಯಲ್ಲೊಂದು ಚೀಟಿ ಬರೆಸಿಕೊಂಡು ಇಡಗುಂದಿಗೆ ಹೋಗಬಹುದಿತ್ತು. ಬರಿಯ ಮಾತನ್ನಾದರೂ ಒಯ್ಯಬಹುದಿತ್ತು. ಪುಸ್ತಕ ಬೇಕೆಂದು ಗಂಗಕ್ಕ ಕೇಳಿದ್ದಳು, ಪುಸ್ತಕ ಬರಲೆಂದು ನಾವು ಕೂತೆವು. ಪುಸ್ತಕದವರಿಗೆ ಬೇರೆ ಏನೂ ಹೊಳೆಯಲಿಲ್ಲ.

ಇಪ್ಪತ್ತನೆಯ ದಿನ ಪಾರ್ಸಲು ಬಂತು. ಅವರು ವಾಚನಾಲಯಕ್ಕೆ ಬೀಗ ಹಾಕಿ, ಮೊಹರನ್ನೂ ಒತ್ತದೆ, ಪುಸ್ತಕವನ್ನು ಕೋಟಿನೊಳಗಿಟ್ಟುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದರು. ಆ ಬಾಗಿಲಿಗೆ ಕೆಲಸದ ದಿನ ಬೀಗ ಬಿದ್ದದ್ದು ಅದೇ ಮೊದಲು.

ಮರುದಿನ ಸಂಜೆ ನಮ್ಮ ಜಗಲಿಗೆ ಬಂದರು. ಕೂರಲಿಲ್ಲ. ಇಡಗುಂದಿಯಲ್ಲಿ ಮನೆ ಕೇಳಿಕೊಂಡು ಹೋದರಂತೆ. ಅಂಗಳದಲ್ಲಿ ಗಂಡಸರು ತಲೆ ಬೋಳಿಸಿಕೊಂಡು ಕೂತಿದ್ದರು. ನೋಡಿದ ಕೂಡಲೇ ತಿಳಿಯಿತು. ಹತ್ತು ದಿನವಾಗಿತ್ತು. ಮೈ ಸೆಟೆದು, ಮಾತು ನಿಂತು, ಹೆರಿಗೆಯಾಗಿ ಒಂದು ತಾಸಿನಲ್ಲಿ ಮುಗಿಯಿತೆಂದು ಪಕ್ಕದವರು ಹೇಳಿದರು. ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ಗಂಡ ಎದ್ದು ಬಂದು ಕೇಳಿದನಂತೆ. ಇಪ್ಪತ್ತೈದು ತುಂಬದ ಹುಡುಗ.

"ದಾರಿ ತಪ್ಪೇತಿ, ಕುಡ್ಯಾಕ ನೀರ ಕೊಡ್ರಿ ಅಂದೆ. ಕೋಟಿನ್ಯಾಗ ಪುಸ್ತಕಿತ್ರಿ. ಒಳಗ ಕೂಸು ಅಳತಿತ್ತು."

ಇಷ್ಟು ಹೇಳಿ ಕೊಡೆ ತೆಗೆದುಕೊಂಡು ಹೊರಟುಹೋದರು. ಪುಸ್ತಕ ಕೊಟ್ಟಿದ್ದರೂ ಅವಳು ಉಳಿಯುತ್ತಿದ್ದಳೋ ಇಲ್ಲವೋ ಯಾರು ಹೇಳಬೇಕು? ನಾನು ಎಷ್ಟೋ ಸಲ ಅವರಿಗೆ ಹಾಗೆ ಸಮಾಧಾನ ಹೇಳಿದ್ದೇನೆ. ಅವರು ತಲೆಯಾಡಿಸುತ್ತಿದ್ದರು, ಒಪ್ಪುತ್ತಿರಲಿಲ್ಲ. ನಾನೂ ಒಪ್ಪಿಲ್ಲ.

ಗಂಗಕ್ಕ ಮತ್ತೊಮ್ಮೆ ಬಂದಳು, ಮಳೆಗಾಲ ಕಳೆದ ಮೇಲೆ. ಬೈಯುತ್ತಾಳೆಂದು ನಾನು ತಯಾರಾಗಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕವನ್ನು ಮತ್ತೆ ಮಂಚಿಕೇರಿಗೆ ಕಳಿಸಿ ಎಂದು ಕೇಳಲು ಬಂದಿದ್ದಳು. "ಹೆರ್ವವು ಇನ್ನೂ ಇದ್ದ ಅಕ್ಕೋರೆ" ಎಂದಳು. ಹೆರುವವರು ಇನ್ನೂ ಇದ್ದಾರೆ. ಆ ಮಾತನ್ನು ಅವರಿಗೆ ಹಾಗೆಯೇ ಮುಟ್ಟಿಸಿದೆ.

ಆ ವರ್ಷದ ಆಯ್ಕೆ ಸಭೆಯಲ್ಲಿ ಪಟ್ಟಿಯ ಮೊದಲ ಸಾಲೇ ಅದು, ಮೂರು ಪೆಟ್ಟಿಗೆಗೆ ಮೂರು ಪ್ರತಿ. ಅವರೇ ಬರೆದು ತಂದಿದ್ದರು. ವಕೀಲರಿಗೆ ಬಹಳ ವರ್ಷಕ್ಕೆ ಸಿಕ್ಕಿದ ಅವಕಾಶ. ಹೋದ ಸಲ ಇದರ ಅಂಚು ಹೇಗಿತ್ತು, ತಾವೇ ಹೇಳಿ ಎಂದು ನಯವಾಗಿ ಕೇಳಿದರು. ಬೆಳ್ಳಗಿತ್ತು ಎಂದರು ಇವರು. ಹಾಗಾದರೆ ಯಾರೂ ಓದಿಲ್ಲ ತಾನೇ? ನಾನು ಬಾಯಿ ತೆರೆಯಲು ಹೋದೆ. ಇವರು ನನ್ನತ್ತ ನೋಡಿ ಬೇಡವೆಂದು ಕಣ್ಣು ಮುಚ್ಚಿ ತೆರೆದರು. ಮಂಚಿಕೇರಿಯ ಹೆಂಗಸರು ಅಡಗಿಸಿಕೊಂಡು ಓದಿದ್ದನ್ನು ಆ ಸಭೆಯಲ್ಲಿ ಆಡಿದರೆ ಮೂರು ದಿನದಲ್ಲಿ ಅವರ ಅಂಗಳ ಮುಟ್ಟುತ್ತಿತ್ತು. ಇವರು ಬಾಕಿನಿಂದ ಎದ್ದು ನಿಂತರು.

"ಅಂಚು ನೋಡಿ ಹೇಳೂದ ತಪ್ಪರಿ. ಇಷ್ಟ ದಿನಾ ನಾ ಹೇಳಿದ್ದೆಲ್ಲಾ ತಪ್ಪರಿ. ಇದೊಂದ ಕೊಳ್ರಿ."

ಮೂರು ಪ್ರತಿ ಮಂಜೂರಾಯಿತು. ಅದರ ಜೊತೆಗೆ ಅವರ ಮಾತು ಮುಗಿಯಿತು. ತಪ್ಪೆಂದು ಸ್ವತಃ ಒಪ್ಪಿಕೊಂಡವರು ಮತ್ತೆ ಹಳೆಯ ಪುಸ್ತಕ ಎತ್ತಿ ಹಿಡಿಯುವುದು ಹೇಗೆ? ಮುಂದಿನ ಸಾಲಿಗೆ ವಕೀಲರ ಹದಿನಾಲ್ಕು ಸಂಪುಟ ಬಂತು, ಅದರ ಮುಂದಿನ ಸಾಲಿಗೆ ಇನ್ನಾರದೋ ಷಷ್ಟ್ಯಬ್ದಿಯ ಗ್ರಂಥ. ಅವರು ರಾಶಿಯ ಮುಂದೆ ಕೈ ಕಟ್ಟಿ ಕೂತಿದ್ದರು. ಎಲ್ಲ ಗೊತ್ತಿದ್ದೂ ನಾನೊಬ್ಬಳು ಜಗಳವಾಡಿದೆ, ಸೋತೆ. ಜೇನಿನ ಮೇಣ, ಜೋನಿಬೆಲ್ಲ, ಹರಿದ ಕೊನೆಯ ಎಲೆ ಇವುಗಳ ಸಾಕ್ಷಿ ಆ ಮನೆಯಲ್ಲಿ ಆಮೇಲೆ ನಡೆಯಲಿಲ್ಲ. ಅಷ್ಟು ವರ್ಷದ ವಿದ್ಯೆಯನ್ನು ಅವರು ಒಂದು ಪುಸ್ತಕಕ್ಕೆ ತೆತ್ತರು.

ಆಮೇಲಿನ ವರ್ಷಗಳಲ್ಲಿ ಪೆಟ್ಟಿಗೆಯ ಜೊತೆಗೆ ಅವರೂ ಬಸ್ಸು ಹತ್ತತೊಡಗಿದರು. ಭಾನುವಾರ ನನ್ನನ್ನೂ ಕರೆಯುವರು. ಅವರು ಶಾಲೆಯ ಜಗಲಿಯಲ್ಲಿ ಗಂಡಸರೊಡನೆ ಕೂರುವುದು, ನಾನು ಹಿತ್ತಲ ಬಾಗಿಲಿನಿಂದ ಒಳಹೋಗಿ ಯಾರಿಗೆ ಏನು ಬೇಕೆಂದು ಕೇಳಿಕೊಂಡು ಬರುವುದು. ಮರಳುವಾಗ ಬಸ್ಸಿನಲ್ಲಿ ನಾನು ಹೇಳುವೆನು, ಅವರು ಮೊಣಕಾಲ ಮೇಲೆ ವಹಿ ಇಟ್ಟು ಬರೆದುಕೊಳ್ಳುವರು. ಅವುಗಳಲ್ಲಿ ಕಾಲುಭಾಗವೂ ಮಂಜೂರಾಗುತ್ತಿರಲಿಲ್ಲ. ಬಾಣಂತಿ ಪುಸ್ತಕದ ಮೂರು ಪ್ರತಿಗಳೂ ಪ್ರತಿ ಸಲ ಬೆಳ್ಳಗೆ ಮರಳುತ್ತಿದ್ದವು. ಅವರು ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿ, ಕಿಟಕಿಗೆ ಒಯ್ಯದೆ ಪೆಟ್ಟಿಗೆಗೆ ಹಾಕುತ್ತಿದ್ದರು.

ಇಡಗುಂದಿಗೆ ಹೋಗಿ ಬಂದ ನಾಲ್ಕನೆಯ ಪ್ರತಿ ವಾಚನಾಲಯಕ್ಕೆ ಸೇರಲೇ ಇಲ್ಲ. ಎಲ್ಲಿದೆಯೆಂದು ಒಮ್ಮೆ ಕೇಳಿದಾಗ, ಮನೆಯಲ್ಲಿರಲಿ ಎಂದಷ್ಟೇ ಹೇಳಿದ್ದರು. ನಿವೃತ್ತರಾಗಿ ಬನವಾಸಿಗೆ ಹೋಗುವ ದಿನ ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಒಂದು ಟ್ರಂಕು, ಹಾಸಿಗೆಯ ಸುರುಳಿ, ಕೊಡೆ. ಬರ್ರಿ ಅಕ್ಕೋರ, ಬನವಾಸಿ ದೂರೇನಿಲ್ಲ ಎಂದರು. ದೂರವಿರಲಿಲ್ಲ, ನಾನು ಹೋಗಲಿಲ್ಲ. ಇದಕ್ಕೆ ನನ್ನಲ್ಲಿ ನೆವವೂ ಇಲ್ಲ.

ಇಷ್ಟು ಬರೆದು ಈಗ ಪೊಟ್ಟಣ ಬಿಚ್ಚಿದ್ದೇನೆ.

ಅದೇ ಪುಸ್ತಕ. ಅವರು ಕಲಿಸಿದ ಹಾಗೆ ತೆರೆಯದೆ, ಮೊದಲು ಕಿಟಕಿಯ ಬೆಳಕಿಗೆ ಹಿಡಿದೆ. ಮೂರು ಕಡೆಯೂ ಅಂಚು ಕಪ್ಪಿಟ್ಟಿದೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ, ನಡುವೆಲ್ಲೂ ಕೈ ಬಿಟ್ಟಿಲ್ಲ. ಒಂದು ಕಡೆ ಕಪ್ಪು ಇನ್ನೂ ದಪ್ಪವಾಗಿ ಗೆರೆಯಂತೆ ಕಾಣುತ್ತಿತ್ತು. ಅಲ್ಲಿ ಉಗುರಿಟ್ಟು ತೆರೆದೆ. ಬಸುರಿಯ ಕಾಲು ಮುಖ ಬಾತರೆ ಏನು ಮಾಡಬೇಕೆಂಬ ಪುಟ. ಅಕ್ಷರಗಳ ಮೇಲೆ, ಬದಿಯ ಬಿಳಿ ಜಾಗದಲ್ಲಿ, ಮೂಲೆಯಲ್ಲಿ, ಒಂದರ ಮೇಲೊಂದು ನಶ್ಯದ ಬೆರಳ ಗುರುತು. ಬಲಗೈಯವು.

ಪುಸ್ತಕವನ್ನು ತೆರೆದೇ ಇಟ್ಟು ಒಳಗೆ ಹೋದೆ. ಕೈ ತೊಳೆದು, ಅಮ್ಮನ ಹಳೆಯ ಸೀರೆಯ ತುಂಡೊಂದನ್ನು ಹುಡುಕಿ ತಂದು, ಅದರಲ್ಲಿ ಹಿಡಿದುಕೊಂಡು ಆ ಪುಟವನ್ನು ಓದಿದೆ.